ಗಂಗೆಗೆ ಬಿಟ್ಟ ಚೀಟಿಗಳು

ಒದ್ದೆ ಗೋಣಿಚೀಲದ ಮೇಲೆ ಫಿನಾಯಿಲ್ ಬಿದ್ದರೆ ಒಂದು ವಾಸನೆ ಬರುತ್ತದೆ. ಯಾರಿಗೂ ಹಿಡಿಸದ ವಾಸನೆ ಅದು, ನನಗೊಬ್ಬಳಿಗೆ ಹಿಡಿಸುತ್ತದೆ. ಮೊನ್ನೆ ತಂಗಿಯ ಕಣ್ಣು ತೋರಿಸಲು ಧಾರವಾಡದಲ್ಲೇ ಒಂದು ಆಸ್ಪತ್ರೆಗೆ ಹೋಗಿದ್ದೆವು. ಹೊರಗೆ ಜೋರು ಮಳೆ. ಬಾಗಿಲಲ್ಲಿ ಕಾಲು ಒರೆಸಲು ಗೋಣಿಚೀಲ ಹಾಸಿದ್ದರು, ನೆಲ ಆಗಷ್ಟೇ ಒರೆಸಿದ್ದರು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. "ಯಾಕಕ್ಕಾ, ತಲಿ ತಿರಗಲಿಕ್ಕತ್ತದೇನು?" ಎಂದು ತಂಗಿ ಗಾಬರಿಯಾದಳು. ತಲೆಯೇನೂ ತಿರುಗಿರಲಿಲ್ಲ. ಕಾಶಿಯ ಒಂದು ಆಸ್ಪತ್ರೆಯಲ್ಲಿ, ಇದೇ ವಾಸನೆಯ ನಡುವೆ ಕಳೆದ ಒಂದು ಮಳೆಗಾಲ ನೆನಪಾಗಿತ್ತು.

ಆಗ ನಾನು ಒಂದು ಆಸ್ಪತ್ರೆ ಟ್ರಸ್ಟಿನ ನೌಕರಿಯಲ್ಲಿದ್ದೆ. ಟ್ರಸ್ಟಿಗೆ ಐದು ಊರುಗಳಲ್ಲಿ ಆಸ್ಪತ್ರೆಗಳಿದ್ದವು. ಹುಬ್ಬಳ್ಳಿಯ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ನನ್ನನ್ನು ಒಂದು ವರ್ಷದ ಮಟ್ಟಿಗೆ ವಾರಾಣಸಿಗೆ ಕಳಿಸಿದರು. ಕೆಲಸದ ಹೆಸರು ದೊಡ್ಡದು, ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಆಸ್ಪತ್ರೆಯೊಳಗೆ ಯಾರು ಯಾವ ಕೆಲಸ ಮಾಡುತ್ತಾರೆ, ಅದಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿ ಯಾವ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಕೂತಿದೆ, ಇದೆಲ್ಲವನ್ನೂ ಒಂದೇ ನಕ್ಷೆಗೆ ತರಬೇಕು. ಈಗ ಹೇಗಿದೆ, ಮೂರು ವರ್ಷದ ಮೇಲೆ ಹೇಗಿರಬೇಕು, ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲ ಹೆಜ್ಜೆ ಯಾವುದು ಎಂದು ಬರೆದು ಟ್ರಸ್ಟಿಗಳ ಒಪ್ಪಿಗೆ ಪಡೆಯಬೇಕು. ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಪತ್ತೆಮಾಡುವ ಹಾಗೆ, ಎಂದು ತಂಗಿಗೆ ವಿವರಿಸಿದ್ದೆ. "ಅಷ್ಟಕ್ಕ ಕಾಶೀತನಕ ಹೋಗಬೇಕೇನು?" ಎಂದಿದ್ದಳು.

ಇಳಿದುಕೊಂಡದ್ದು ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ, ರಾಘವೇಂದ್ರ ಭಟ್ಟರ ಮನೆಯ ಮಹಡಿಯ ಕೋಣೆಯಲ್ಲಿ. ಭಟ್ಟರ ಮುತ್ತಜ್ಜ ಗದಗಿನ ಕಡೆಯಿಂದ ಬಂದು ಇಲ್ಲಿ ಪೌರೋಹಿತ್ಯಕ್ಕೆ ನಿಂತವರು. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಪಿಂಡ, ಗಂಗಾಪೂಜೆ ಮಾಡಿಸುವುದು ಮನೆಯ ಕಸುಬು. ಭಟ್ಟರಿಗೆ ಎಪ್ಪತ್ತು ಸಮೀಪಿಸಿತ್ತು. ಬಾಯಿ ಜೋರು, ಮನಸ್ಸು ಮೆತ್ತಗೆ. ಮೊಮ್ಮಕ್ಕಳು ಅಜ್ಜನ ಕೈಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದವು. ಅವರ ಹೆಂಡತಿ ಇಂದಿರಾಬಾಯಿಗೆ ವರ್ಷಕ್ಕೆ ಒಂದೂವರೆ ಶ್ರಾವಣ. ಆ ಊರಿನ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ನೆರೆಯವರ ಜೊತೆ ಅವರ ಸೋಮವಾರಗಳ ಉಪವಾಸವನ್ನೂ ಹಿಡಿದು, ನಮ್ಮ ಶನಿವಾರ, ಶುಕ್ರವಾರಗಳನ್ನೂ ಬಿಡದೆ, ಬಡಕಲಾಗಿದ್ದ ಆಕೆ ಇನ್ನಷ್ಟು ಬಡಕಲಾಗುತ್ತಿದ್ದರು. ನನಗೆ ಮಾತ್ರ ದಿನಾ ಬೆಳಿಗ್ಗೆ ಬಿಸಿ ಉಪ್ಪಿಟ್ಟು ತಪ್ಪಲಿಲ್ಲ.

ಗಲ್ಲಿಯಿಂದ ಗೋದೌಲಿಯಾ ಚೌಕದವರೆಗೆ ನಡಿಗೆ, ಅಲ್ಲಿಂದ ಇ-ರಿಕ್ಷಾ. ಶ್ರಾವಣದಲ್ಲಿ ಶಿವನಿಗೆ ಗಂಗಾಜಲದ ಕಾವಡಿ ಹೊತ್ತವರ ನೂಕುನುಗ್ಗಲಿನಲ್ಲಿ ನನ್ನ ಲ್ಯಾಪ್‌ಟಾಪ್ ಚೀಲ ಒಂದು ಕಡೆ, ನಾನು ಒಂದು ಕಡೆ. ಆ ಗದ್ದಲದಲ್ಲಿ ಎರಡು ಬಾರಿ ಚಪ್ಪಲಿ ಕಳೆದುಕೊಂಡೆ. ಗಂಗೆ ದಿನಕ್ಕೆರಡು ಮೆಟ್ಟಿಲಂತೆ ಏರುತ್ತಿದ್ದಳು. ಕೇದಾರ ಘಾಟಿನಲ್ಲಿ ನಿನ್ನೆ ಕೂತ ಮೆಟ್ಟಿಲು ಇವತ್ತು ಇರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಬರೆಸುವ ಕೌಂಟರಿಗೆ ಒಂದು ಸಾಫ್ಟ್‌ವೇರ್, ಲ್ಯಾಬಿಗೆ ಒಂದು, ಔಷಧಿ ಅಂಗಡಿಗೆ ಒಂದು, ಆಪರೇಷನ್ ವಿಭಾಗಕ್ಕೆ ಇನ್ನೊಂದು. ಒಂದಕ್ಕೊಂದು ಮಾತಿಲ್ಲ ಕತೆಯಿಲ್ಲ. ಹೀಗಾಗಿ ಒಬ್ಬನೇ ರೋಗಿಗೆ ನಾಲ್ಕು ನಂಬರು. ನಾನು ಸಭಾಕೋಣೆಯ ಗೋಡೆಗೆ ಉದ್ದನೆಯ ಕಂದು ಕಾಗದ ಹೊಡೆಸಿ ಅದರ ಮೇಲೆ ಅಂಟುಚೀಟಿ ಹಚ್ಚತೊಡಗಿದೆ. ಕೆಲಸಕ್ಕೆ ನೀಲಿ, ಮಾಹಿತಿಗೆ ಹಳದಿ, ಸಾಫ್ಟ್‌ವೇರಿಗೆ ಗುಲಾಬಿ. ಅಲ್ಲಿಯ ಮಳೆಗಾಲದ ಸೆಕೆಗೆ ಅಂಟು ನಿಲ್ಲಬೇಕಲ್ಲ? ಸಂಜೆ ಹಚ್ಚಿದ್ದು ಬೆಳಿಗ್ಗೆ ನೆಲದಲ್ಲಿ. ಕೊನೆಗೆ ಇಂದಿರಾಬಾಯಿಯ ಹತ್ತಿರ ಮೈದಾಹಿಟ್ಟಿನ ಗಂಜಿ ಕಾಯಿಸಿಕೊಂಡು ಡಬ್ಬಿಯಲ್ಲಿ ಒಯ್ದೆ. ನಕ್ಷೆ ನಿಂತಿತು, ಆದರೆ ಇರುವೆ ಹತ್ತಿದವು.

ವಿಭಾಗದ ಮುಖ್ಯಸ್ಥರನ್ನೆಲ್ಲ ಒಬ್ಬೊಬ್ಬರಾಗಿ ಆ ಕೋಣೆಗೆ ಕರೆಸಿ, ಲಸ್ಸಿ ಕುಡಿಸಿ, ನಿಮ್ಮಲ್ಲಿ ಏನು ತೊಂದರೆ ಎಂದು ಕೇಳಿದೆ. ಒಬ್ಬರೂ ತೊಂದರೆ ಹೇಳಲಿಲ್ಲ. ದೂರದಿಂದ ಬಂದ ಹೆಣ್ಣುಮಗಳ ಮುಂದೆ ಮನೆಯ ಹುಳುಕು ಹೇಳುವುದು ಅವರಿಗೆ ಸರಿಕಾಣಲಿಲ್ಲವೇನೋ. ಯಾವುದು ಕೇಳಿದರೂ "ಸಬ್ ಠೀಕ್ ಹೈ", ಏನು ಬೇಡಿದರೂ "ಹೋ ಜಾಯೇಗಾ". ನಾನು ಅದನ್ನೇ ನಂಬಿ ಬರೆದುಕೊಂಡೆ. ಕೌಂಟರಿನವರನ್ನು ಕರೆಸಲಿಲ್ಲ. ಹೆಸರು ಬರೆದುಕೊಳ್ಳುವವರ ಹತ್ತಿರ ಕೇಳುವುದೇನಿದೆ ಎಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾದ್ರಪದದ ಹೊತ್ತಿಗೆ ನನ್ನ ಮೂವತ್ತೆಂಟು ಪುಟದ ಯೋಜನೆ ಸಿದ್ಧವಾಯಿತು. ಪಿತೃಪಕ್ಷದಲ್ಲಿ ಅಲ್ಲಿ ಯಾರೂ ಹೊಸ ಕೆಲಸ ಎತ್ತಿಕೊಳ್ಳುವುದಿಲ್ಲ, ಹಾಗಾಗಿ ಅದಕ್ಕೆ ಮುಂಚೆಯೇ ಟ್ರಸ್ಟಿಗಳ ಸಭೆ. ಯೋಜನೆಯ ಮೊದಲ ಹೆಜ್ಜೆ ಹೀಗಿತ್ತು: ಹೆಸರು ಬರೆಸುವ ಮೂರೂ ಕೌಂಟರು ಮುಚ್ಚುವುದು. ರೋಗಿ ಯಂತ್ರದ ಮುಂದೆ ನಿಂತು ತಾನೇ ಹೆಸರು ದಾಖಲಿಸುವುದು. ಒಬ್ಬ ರೋಗಿಗೆ ಒಂದೇ ನಂಬರು, ಒಂದು ಗಟ್ಟಿ ಕಾರ್ಡು. ಪರೀಕ್ಷೆಗೆಂದು ಒಂದು ಯಂತ್ರವನ್ನು ಬಾಗಿಲ ಬಳಿ ನಿಲ್ಲಿಸಿಯೂ ಆಗಿತ್ತು. ಅದರ ಎದುರು ದಿನಕ್ಕೆ ಹತ್ತು ಸಲ ಸುಮ್ಮನೆ ಸುಳಿದಾಡುತ್ತಿದ್ದೆ.

ಎರಡನೇ ಕೌಂಟರಿನಲ್ಲಿ ದುಲಾರಿ ಕೂರುತ್ತಿದ್ದಳು. ಐವತ್ತು ದಾಟಿದ ಗುಂಡಗಿನ ಹೆಂಗಸು, ಹಣೆ ತುಂಬ ಸಿಂಧೂರ, ಮೇಜಿನ ಮೇಲೆ ಉದ್ದನೆಯ ಗೆರೆ ಹಾಕಿದ ನೋಟ್‌ಬುಕ್ಕು. ನಾನು ಬಂದ ಮೊದಲ ದಿನವೇ ಲವಂಗ ಹಾಕಿದ ಚಹಾ ಕೊಟ್ಟು "ಮೇಡಂಜಿ, ನಮ್ಮ ಊರಿನ ನೀರು ಒಗ್ಗಿತೇ?" ಎಂದು ವಿಚಾರಿಸಿದ್ದಳು. ಆಮೇಲೆ ದಿನವೂ ಹನ್ನೊಂದಕ್ಕೆ ಚಹಾ ಬರುತ್ತಿತ್ತು. ನನ್ನ ಮೂವತ್ತೆಂಟು ಪುಟದಲ್ಲಿ ದುಲಾರಿಯ ಕುರ್ಚಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಚಹಾ ಕುಡಿಯುವಾಗ ಅವಳ ಮುಖ ನೋಡುವುದನ್ನು ತಪ್ಪಿಸುತ್ತಿದ್ದೆ.

ಚೌತಿಗೆ ಇನ್ನೂ ಮೂರು ದಿನ ಇರುವಾಗ ಭಟ್ಟರಿಗೆ ಜ್ವರ ಬಂತು. ಏರಿದ ನೀರಿನಲ್ಲಿ ಸೊಂಟದವರೆಗೆ ನಿಂತು ಯಾತ್ರಿಕರಿಗೆ ಸಂಕಲ್ಪ ಮಾಡಿಸುವಾಗ ಕಾಲಿಗೆ ಏನೋ ತಗುಲಿ ಗಾಯವಾಗಿತ್ತು. ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ಕಾಲು ಮೊಣಕಾಲಿನವರೆಗೆ ಕೆಂಪೇರಿ ಊದಿದ ಮೇಲೆಯೇ ಇಂದಿರಾಬಾಯಿ ನನ್ನನ್ನು ಕೂಗಿದ್ದು. ಅವರನ್ನು ಗಲ್ಲಿಯಿಂದ ಕುರ್ಚಿಯ ಮೇಲೆ ಹೊರಿಸಿಕೊಂಡು ಬಂದು, ರಿಕ್ಷಾ ಹತ್ತಿಸಿ, ನಮ್ಮ ಆಸ್ಪತ್ರೆಗೆ ತಂದೆ.

ಕೌಂಟರುಗಳ ಮುಂದೆ ಉದ್ದ ಸಾಲು. ನನಗೇಕೆ ಸಾಲು? ನನ್ನ ಯಂತ್ರ ಇತ್ತಲ್ಲ. ಒಂದೇ ನಿಮಿಷಕ್ಕೆ ಹೆಸರು ಹಾಕಿದೆ. ಹಳೆಯ ಚೀಟಿ ಇದೆಯೇ ಎಂದು ಯಂತ್ರ ಕೇಳಿತು. ಭಟ್ಟರು ಇಲ್ಲ ಎಂದು ತಲೆಯಾಡಿಸಿದರು. ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಕೇಳಿತು.

"ಹಂಗೇನೂ ಇಲ್ಲ," ಎಂದರು ಭಟ್ಟರು.

ನಾನು ಇಂದಿರಾಬಾಯಿಯ ಕಡೆ ನೋಡಿದೆ. ಅವರು ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದರು. ಗಂಡನ ಚಿಂತೆ ಎಂದುಕೊಂಡೆ. ಯಂತ್ರ ದಪ್ಪ ಅಕ್ಷರದಲ್ಲಿ ಚೀಟಿ ಮುದ್ರಿಸಿ ಕೊಟ್ಟಿತು: ಹೊಸ ರೋಗಿ, ಅಲರ್ಜಿ ಇಲ್ಲ.

ವಾರ್ಡಿನಲ್ಲಿ ಡಾಕ್ಟರು ಕಾಲು ನೋಡಿ ಇಂಜೆಕ್ಷನ್ ಬರೆದರು. ನರ್ಸ್ ಚೀಟಿಯ ಮೇಲೆ ಕಣ್ಣಾಡಿಸಿ ಸಿರಿಂಜಿಗೆ ಔಷಧಿ ಏರಿಸಿದಳು. ಅಷ್ಟರಲ್ಲಿ ಕಾರಿಡಾರಿನಿಂದ "ಅರೇ ರುಕಿಯೇ! ರುಕಿಯೇ!" ಎಂಬ ಕೂಗು. ದುಲಾರಿ ಓಡಿ ಬರುತ್ತಿದ್ದಳು, ಎದೆಗೆ ಅವುಚಿಕೊಂಡ ನೋಟ್‌ಬುಕ್ಕು, ಕಾಲಲ್ಲಿ ಒಂದೇ ಚಪ್ಪಲಿ. ತಳ್ಳುಕುರ್ಚಿಯಲ್ಲಿ ಹೋದ ಭಟ್ಟರನ್ನು ಅವಳು ಕೌಂಟರಿನಿಂದ ನೋಡಿದ್ದಳು.

"ಇವರು ಕೇದಾರ ಘಾಟಿನ ಭಟ್‌ಜಿ," ಎಂದಳು ಏದುಸಿರಿನಲ್ಲಿ. "ಎರಡು ವರ್ಷದ ಹಿಂದೆ ಬಂದಿದ್ದರು. ಯಾವ ಸೂಜಿ ಅದು? ಹೆಸರು ಓದಿ." ನರ್ಸ್ ಓದಿದಳು. ದುಲಾರಿ ನೋಟ್‌ಬುಕ್ಕಿನ ಹಾಳೆ ತಿರುವಿ ಒಂದು ಗೆರೆಯ ಮೇಲೆ ಬೆರಳಿಟ್ಟಳು. "ಇದೇ. ಇದನ್ನೇ ಕೊಟ್ಟಾಗ ಮುಖ ಊದಿ ಉಸಿರು ನಿಂತಿತ್ತು. ಮೂರು ದಿನ ಐಸಿಯುನಲ್ಲಿದ್ದರು."

ನರ್ಸ್ ಸಿರಿಂಜು ಕೆಳಗಿಟ್ಟಳು. ಡಾಕ್ಟರು ಬಂದು ಬೇರೆ ಔಷಧಿ ಬರೆದರು. ನಾನು ಗೋಡೆಗೆ ಒರಗಿ ನಿಂತೆ. ಕೈಯಲ್ಲಿ ಆ ದಪ್ಪ ಅಕ್ಷರದ ಚೀಟಿ ಇನ್ನೂ ಇತ್ತು. ಆ ಮನೆಯ ಉಪ್ಪಿಟ್ಟು ತಿಂದವಳು ನಾನು, ಆ ಮನೆಯ ಯಜಮಾನನನ್ನು ನಾನೇ ಕೊಲ್ಲುತ್ತಿದ್ದೆ.

ಎರಡು ದಿನಕ್ಕೆ ಜ್ವರ ಇಳಿಯಿತು. ಭಟ್ಟರು ಎದ್ದು ಕೂತು ಗಂಜಿಗೆ ಉಪ್ಪಿಲ್ಲವೆಂದು ಜಗಳ ತೆಗೆದ ಮೇಲೆ ನಾನು ಕೇಳಿದೆ.

"ಭಟ್ಟರ, ಒಗ್ಗದ ಔಷಧ ಏನೂ ಇಲ್ಲ ಅಂತ ಯಾಕ ಹೇಳಿದ್ರಿ?"

"ಶಾಂತಾಬಾಯಿ, ಆ ಬ್ಯಾನಿ ನಾ ಗಂಗಾಮೈಯಾಗ ಬಿಟ್ಟೇನಿ," ಎಂದರು. "ಮನೀಗೆ ಬಂದ ಮ್ಯಾಲೆ ದವಾಖಾನಿ ಪರ್ಚಾ, ಫೈಲು ಎಲ್ಲಾ ನೀರಾಗ ಬಿಟ್ಟು ಮುಳಗಿ ಎದ್ದೆ. ಗಂಗಾಗ ಬಿಟ್ಟದ್ದನ್ನ ಮತ್ತ ಬಾಯಾಗ ತರಬಾರದು. ಹೆಸರ ತಗೊಂಡ್ರ ಅದು ತಿರುಗಿ ಬರತದ."

"ಹೆಸರ ತಗೊಳ್ಳದನ ಬರತಿತ್ತಲ್ರೀ!" ಎಂದು ಇಂದಿರಾಬಾಯಿ ಅತ್ತೇಬಿಟ್ಟರು. "ನನಗ ಗೊತ್ತಿದ್ದೂ ಬಾಯಿ ಮುಚಗೊಂಡು ನಿಂತೆ."

ಭಟ್ಟರು ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, "ನಾನ ಎಷ್ಟೋ ಮಂದಿ ಕಡಿಂದ ಹಂಗ ಬಿಡಿಸೇನಿ," ಎಂದು ಮೆಲ್ಲಗೆ ಹೇಳಿದರು. ಕಾಯಿಲೆ ವಾಸಿಯಾದವರು ಚೀಟಿ ತಂದರೆ ಎರಡು ಹೂವು ಇಟ್ಟು, ಒಂದು ಶ್ಲೋಕ ಹೇಳಿ ನೀರಿಗೆ ಬಿಡಿಸುವುದು ಘಾಟಿನಲ್ಲಿ ಅವರ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು. ನನ್ನ ಗಟ್ಟಿ ಕಾರ್ಡುಗಳೆಲ್ಲ ಎಲ್ಲಿಗೆ ಹೋಗಲಿದ್ದವು ಎಂದು ಆಗ ನನಗೆ ತಿಳಿಯಿತು.

ಮರುದಿನ ನಾನೇ ಚಹಾ ಮಾಡಿಸಿಕೊಂಡು ದುಲಾರಿಯ ಕೌಂಟರಿಗೆ ಹೋದೆ. ಅವಳು ನೋಟ್‌ಬುಕ್ಕು ತೋರಿಸಿದಳು. ಅಂಥವು ಕಪಾಟಿನಲ್ಲಿ ಇನ್ನೂ ಆರು ಇದ್ದವು. ಒಂದೊಂದು ಗೆರೆಯಲ್ಲಿ ಚೀಟಿಯಿಲ್ಲದೆ ಮತ್ತೆ ಬಂದವರಿಗೆ ಕೊಟ್ಟ ಹೊಸ ನಂಬರು, ಅವರ ಹಳೆಯ ನಂಬರು, ಕೊಡಬಾರದ ಔಷಧಿ ಇದ್ದರೆ ಅದರ ಹೆಸರು, ಕೊನೆಗೆ ಗುರುತು: ದೋಣಿಯವನು, ಎಡಗೈಗೆ ಆರು ಬೆರಳು. ಸೀರೆ ನೇಯುವವನ ತಾಯಿ, ಜೋರಾಗಿ ನಗುತ್ತಾಳೆ. ರಾಮನಗರದ ಮೇಷ್ಟರು, ಹೆಸರಿನ ಜೊತೆ ಡಿಗ್ರಿಯನ್ನೂ ಹೇಳುತ್ತಾರೆ.

"ಇದನ್ನು ಯಾರು ಬರೆಯಲು ಹೇಳಿದರು?" ಎಂದೆ.

"ಯಾರೂ ಹೇಳಲಿಲ್ಲ. ಒಂದು ಸಲ ತಡವಾಗಿತ್ತು, ಮೇಡಂಜಿ. ನನಗೆ ಮುಖ ನೆನಪಿತ್ತು, ಹೇಳಲು ಹೋಗುವಷ್ಟರಲ್ಲಿ ಆಗಿಹೋಗಿತ್ತು. ಅವತ್ತಿನಿಂದ ಬರೆಯುತ್ತೇನೆ. ಹನ್ನೊಂದು ವರ್ಷವಾಯಿತು."

"ಬಂದವರು ಬಾಯಿ ಬಿಡುವುದಿಲ್ಲವಲ್ಲ, ಹೇಗೆ ಕೇಳುತ್ತೀರಿ?"

"ರೋಗ ಯಾವುದು ಅಂತ ಕೇಳುವುದಿಲ್ಲ. ಗಂಗಾ ಮೈಯಾಗೆ ಏನಾದರೂ ಒಪ್ಪಿಸಿದ್ದೀರಾ ಅಂತ ಕೇಳುತ್ತೇನೆ. ಒಪ್ಪಿಸಿದವರು ತಲೆಯಾಡಿಸುತ್ತಾರೆ. ಅಷ್ಟು ಸಾಕು, ಹೆಸರು ತೆಗೆಯಬೇಕಾಗಿಲ್ಲ. ಮಿಕ್ಕಿದ್ದನ್ನು ನಾನು ಹುಡುಕಿಕೊಳ್ಳುತ್ತೇನೆ."

ಇದು ನರ್ಸುಗಳಿಗೆಲ್ಲ ಗೊತ್ತಿತ್ತು. ಅನುಮಾನ ಬಂದಾಗ ದುಲಾರಿಯನ್ನು ಕೇಳುತ್ತಿದ್ದರು. ಮುಖ್ಯಸ್ಥರಿಗೆ ಗೊತ್ತಿರಲಿಲ್ಲ, ನಾನು ಅವರನ್ನಷ್ಟೇ ಕೇಳಿದ್ದೆ. ಭಟ್ಟರ ವಿಷಯದಲ್ಲಿ ನರ್ಸಿಗೂ ಅನುಮಾನ ಬಾರದಿದ್ದದ್ದು ನನ್ನ ಯಂತ್ರದ ದಪ್ಪ ಅಕ್ಷರದಿಂದ.

ಸಭೆಗೆ ಒಂಬತ್ತು ದಿನ ಉಳಿದಿತ್ತು. ನಾನು ಗೋಡೆಯ ಕಾಗದವನ್ನು ಕಿತ್ತು ಹಾಕಿದೆ. ಕಿತ್ತದ್ದು ನೋಡಿ ಆಸ್ಪತ್ರೆಯ ನಿರ್ದೇಶಕರು ಬಾಗಿಲಲ್ಲೇ ನಿಂತರು. ಒಳ್ಳೆಯ ಮನುಷ್ಯ, ಆದರೆ ಸೋಜಿಗ ಮುಚ್ಚಿಡಲು ಬರುತ್ತಿರಲಿಲ್ಲ. "ಮೂವತ್ತೆಂಟು ಪುಟ, ಶಾಂತಾಜಿ!" ಎಂದರು. "ತಪ್ಪು ಪುಟಗಳು, ಸರ್," ಎಂದೆ. ಅವರಿಗೆ ಎಲ್ಲವನ್ನೂ ಹೇಳಿದೆ, ನನ್ನ ಚೀಟಿಯ ವಿಷಯವನ್ನೂ ಬಚ್ಚಿಡಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು, ಹೊಸ ಕಾಗದ ತರಿಸಿದರು. ಈ ಸಲ ನಾನು ನರ್ಸುಗಳಿಂದ, ಸ್ಟ್ರೆಚರ್ ತಳ್ಳುವವರಿಂದ, ಲ್ಯಾಬಿನಲ್ಲಿ ಬಾಟಲಿ ತೊಳೆಯುವವಳಿಂದ ಕೇಳುತ್ತ ಬಂದೆ, ಅದೂ ಅವರು ಕೆಲಸ ಮಾಡುವಲ್ಲೇ ನಿಂತು. ಒಂಬತ್ತು ದಿನದಲ್ಲಿ ಕಲಿತಷ್ಟನ್ನು ನಾನು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಲಿತಿರಲಿಲ್ಲ. ಹೊಸ ನಕ್ಷೆಯ ನಟ್ಟನಡುವೆ ಎರಡನೇ ಕೌಂಟರು ಬಂತು. ಅದನ್ನು ಮುಚ್ಚಲು ಟ್ರಸ್ಟಿಗಳು ಹೇಳಿದರೆ ಜಗಳವಾಡಿಯೇ ಸೈ ಎಂದು ಸೆರಗು ಕಟ್ಟಿದ್ದೆ.

ಸಭೆಗೆ ದುಲಾರಿಯನ್ನು ಕರೆದೆ. ಹನ್ನೊಂದು ವರ್ಷದಲ್ಲಿ ಅವಳು ಆ ಕೋಣೆಯೊಳಗೆ ಕೂತವಳಲ್ಲ. ಕುರ್ಚಿಯ ತುದಿಯಲ್ಲಿ ಕೂತು ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡಿದ್ದಳು. ನಾನು ನಕ್ಷೆ ವಿವರಿಸಿ, ಈ ಒಬ್ಬ ಹೆಂಗಸಿನ ಕೆಲಸದ ಮೇಲೆ ಆಸ್ಪತ್ರೆ ನಿಂತಿದೆ, ಇವಳ ಕೌಂಟರು ಮುಚ್ಚಿಸುವುದೇ ನನ್ನ ಮೊದಲ ಸಲಹೆಯಾಗಿತ್ತು, ಅದು ತಪ್ಪಾಗಿತ್ತು ಎಂದೆ. ಹಿರಿಯ ಟ್ರಸ್ಟಿಯೊಬ್ಬರು ದುಲಾರಿಯ ಕಡೆ ತಿರುಗಿ, "ಹೇಳಿ, ದುಲಾರಿಜಿ. ನಿಮ್ಮ ಕೌಂಟರು ಉಳಿಯಬೇಕು, ಅಷ್ಟೇ ತಾನೇ?" ಎಂದರು.

ದುಲಾರಿ ನನ್ನನ್ನು ನೋಡಿದಳು, ಅವರನ್ನು ನೋಡಿದಳು.

"ಮೇಡಂಜಿಯ ಗೋಡೆಯ ನಕ್ಷೆಯಲ್ಲಿ ನನ್ನ ಕೌಂಟರಿಲ್ಲ ಅಂತ ಇಲ್ಲಿಗೆ ಚಹಾ ತಂದಾಗಲೇ ನಾನು ನೋಡಿದ್ದೆ, ಸಾಹೇಬರೇ," ಎಂದಳು. "ನನಗೆ ಖುಷಿಯಾಗಿತ್ತು."

ತೊಡೆಯ ಮೇಲಿನ ನೋಟ್‌ಬುಕ್ಕನ್ನು ತೆಗೆದು ಮೇಜಿನ ಮೇಲಿಟ್ಟಳು.

"ಹನ್ನೊಂದು ವರ್ಷದಲ್ಲಿ ನಾನು ಎರಡು ದಿನ ಒಟ್ಟಿಗೆ ರಜೆ ಹಾಕಿಲ್ಲ. ನಾನಿಲ್ಲದ ದಿನ ಯಾರಾದರೂ ಹಳೆಯ ರೋಗಿ ಬಂದರೆ? ಭಾನುವಾರವೂ ಎಮರ್ಜೆನ್ಸಿಯಿಂದ ಫೋನ್ ಬರುತ್ತದೆ. ಅಮ್ಮ ಹೋದಾಗ ಹನ್ನೊಂದನೇ ದಿನದ ಕೆಲಸವನ್ನೂ ಅರ್ಧಕ್ಕೆ ಬಿಟ್ಟು ಬಂದೆ. ಮಗಳು ಬಲಿಯಾ ಊರಿನಲ್ಲಿದ್ದಾಳೆ, ಈಗ ಏಳು ತಿಂಗಳ ಬಸುರಿ. ಬಾ ಅಂತಾಳೆ. ಹೇಗೆ ಹೋಗಲಿ? ಮೇಡಂಜಿ ದಕ್ಷಿಣದಿಂದ ಬಂದಿದ್ದಾರೆ, ಎಲ್ಲವನ್ನೂ ಮೆಶೀನಿಗೆ ಹಾಕುತ್ತಾರಂತೆ, ಇನ್ನು ನನಗೆ ಬಿಡುಗಡೆ ಅಂದುಕೊಂಡೆ. ಆಮೇಲೆ ನೋಡಿದರೆ ಗೋಡೆಯಲ್ಲಿ ನನ್ನ ನೋಟ್‌ಬುಕ್ಕೂ ಇಲ್ಲ. ಆಗ ಭಯವಾಯಿತು. ಇದನ್ನು ಒಳಗೆ ಹಾಕಿ, ಸಾಹೇಬರೇ. ಕುರ್ಚಿ ಎಲ್ಲಿ ಬೇಕಾದರೂ ಇಡಿ. ನನಗೆ ಹದಿನೈದು ದಿನ ರಜೆ ಬೇಕು."

ಅವಳ ಕುರ್ಚಿಗಾಗಿ ಹೊಡೆದಾಡಲು ಹೊರಟಿದ್ದ ನಾನು, ಏನು ಬೇಕೆಂದು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಎರಡನೆಯ ಬಾರಿಯೂ ಅದೇ ತಪ್ಪು ಮಾಡಿದ್ದೆ. ಕಣ್ಣು ತುಂಬಿ ಬಂದು ನಕ್ಷೆಯ ಕಡೆ ಮುಖ ತಿರುಗಿಸಿ ನಿಂತೆ.

ಯೋಜನೆಗೆ ಅವತ್ತೇ ಒಪ್ಪಿಗೆ ಸಿಕ್ಕಿತು. ಮೂರು ವರ್ಷದ ದಾರಿಯ ಮೊದಲ ಹೆಜ್ಜೆ ಏಳು ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸಿ ಹಳೆಯ ನಂಬರಿಗೂ ಹೊಸ ನಂಬರಿಗೂ ಗಂಟು ಹಾಕುವುದು. ಪಿತೃಪಕ್ಷ ಕಳೆದದ್ದೇ ದುಲಾರಿ ಓದಿ ಹೇಳಿದಳು, ನಾವು ಮೂರು ಜನ ಬೆರಳಚ್ಚು ಮಾಡಿದೆವು. ಆರು ಬೆರಳು, ಜೋರು ನಗು, ಮೇಷ್ಟರ ಡಿಗ್ರಿ, ಒಂದನ್ನೂ ಬಿಡಲಿಲ್ಲ. ಹೆಸರು ಬರೆಸುವಾಗ ಪರದೆಯ ಮೇಲೆ ಬರುವ ಮೊದಲ ಪ್ರಶ್ನೆ ಅವಳದೇ: ಗಂಗಾ ಮೈಯಾಗೆ ಏನಾದರೂ ಒಪ್ಪಿಸಿದ್ದೀರಾ? ನನ್ನ ನೌಕರಿಯಲ್ಲಿ ನಾನು ಎಷ್ಟೋ ಪರದೆ ಮಾಡಿಸಿದ್ದೇನೆ. ಅಷ್ಟು ಬುದ್ಧಿವಂತ ಪ್ರಶ್ನೆ ಇನ್ನೊಂದರಲ್ಲಿ ಇರಲಿಲ್ಲ. ಆ ಊರಿಗೆ, ಆ ಮನೆಗೆ, ಆ ಹೆಂಗಸಿಗೆ ನಾನು ಎಷ್ಟು ಋಣಿಯೆಂದು ಹೇಳಲು ನನಗೆ ಬರುವುದಿಲ್ಲ. ಭಟ್ಟರು ಈಗಲೂ ಚೀಟಿ ಬಿಡಿಸುತ್ತಾರೆ. ಬಿಡುವ ಮೊದಲು ಫೋನಿನಲ್ಲಿ ಅದರ ಫೋಟೋ ತೆಗೆಸುತ್ತಾರೆ, ಫೋಟೋಕ್ಕೆ ಶಾಸ್ತ್ರದಲ್ಲಿ ಅಡ್ಡಿಯಿಲ್ಲವಂತೆ.

ದೀಪಾವಳಿ, ಅದರ ಬೆನ್ನಿಗೇ ಬರುವ ಅಲ್ಲಿಯ ಛಠ್ ಹಬ್ಬ, ಎರಡೂ ಮುಗಿದ ಮೇಲೆ ದುಲಾರಿ ಮಗಳ ಊರು ಬಲಿಯಾಕ್ಕೆ ಹೊರಟಳು. ಅವಳ ಜಾಗದಲ್ಲಿ ಹೊಸದಾಗಿ ಸೇರಿದ ಪೂಜಾ ಎಂಬ ಹುಡುಗಿ ಕೂತಳು. ಮೊದಲ ದಿನ ದುಲಾರಿ ನನಗೆ ಏಳು ಸಲ ಫೋನ್ ಮಾಡಿದಳು. ದೋಣಿಯವನು ಬಂದನೇ, ಯಂತ್ರ ನಡೆಯುತ್ತಿದೆಯೇ, ಪೂಜಾ ಪ್ರಶ್ನೆಯನ್ನು ಮೆತ್ತಗೆ ಕೇಳುತ್ತಾಳೋ ಗದರಿಸುತ್ತಾಳೋ. ಎರಡನೆಯ ದಿನ ಮೂರು ಸಲ. ಮೂರನೆಯ ದಿನ ಒಮ್ಮೆ, ಮೊಮ್ಮಗಳು ಹುಟ್ಟಿದಳು ಎಂದು ಹೇಳಲು. ಕೌಂಟರಿನ ಮಾತು ಕೊನೆಯಲ್ಲಿ ಬಂತು.

ನಾಲ್ಕನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಚೀಟಿ ಇಲ್ಲ, ಜೊತೆಗೆ ಜನ ಇಲ್ಲ. ಪೂಜಾ ಆ ಪ್ರಶ್ನೆ ಕೇಳಿದಳು. ಮುದುಕಿ ತಲೆಯಾಡಿಸಿದಳು. ಪೂಜಾ ಹೆಸರು, ಊರು ಹಾಕಿದಳು, ಗುರುತು ನೋಡಿದಳು, ಪರದೆಯ ಮೇಲೆ ಹಳೆಯ ಫೈಲು ಬಂತು, ಕೊಡಬಾರದ ಎರಡು ಔಷಧಿಗಳು ಕೆಂಪು ಬಣ್ಣದಲ್ಲಿ. ಮುದುಕಿ ಒಳಗೆ ಹೋದಳು. ಅಷ್ಟೇ ನಡೆದದ್ದು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ದುಲಾರಿಗೆ ಹೇಳಬೇಕೆಂದು ಫೋನ್ ಎತ್ತಿದೆ, ಹೆಸರು ಒತ್ತಲು ಬೆರಳೂ ಹೋಯಿತು. ಬೆಳಗಿನಿಂದ ಅವಳ ಒಂದು ಕರೆಯೂ ಬಂದಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಫೋನನ್ನು ಚೀಲದೊಳಗಿಟ್ಟು, ಚೀಲದ ಬಾಯಿ ಕಟ್ಟಿದೆ.